ಟಾಪ್ ತೆಗೆದ ಕಾರು, ಕೇಳಿಸದ ಬೇಸ್

ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ರೆ ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ. ಯಾಕೆ ಅಂತ ಈಗಲೇ ಹೇಳ್ತೀನಿ.

ನಾನಿರೋದು ಕ್ಯಾಲಿಫೋರ್ನಿಯಾದಲ್ಲಿ. ಓಡಿಸೋದು ಹಳೇ ಮಜ್ದಾ ಎಂಎಕ್ಸ್-5. ಇಲ್ಲಿನವರು ಮಿಯಾಟಾ ಅಂತಾರೆ. ಎರಡೇ ಸೀಟು, ಬಟ್ಟೆಯ ಟಾಪ್, ಅದನ್ನ ಹಿಂದಕ್ಕೆ ಮಡಚಿದ್ರೆ ತಲೆ ಮೇಲೆ ಬರೀ ಆಕಾಶ. 1989ರಲ್ಲಿ ಶುರುವಾದ ಕಾರು ಇದು, 2016ರಲ್ಲಿ ಹತ್ತು ಲಕ್ಷದ ಗಡಿ ದಾಟಿತು. ನನ್ನ ಹತ್ರ ಇರೋದು ಮೊದಲ ತಲೆಮಾರಿನದು, ವಯಸ್ಸಲ್ಲಿ ನನಗಿಂತ ಎರಡು ವರ್ಷ ದೊಡ್ಡದು.

ಒಂದು ಶನಿವಾರ ಸ್ಯಾನ್ ಫ್ರಾನ್ಸಿಸ್ಕೋದಿಂದ ಸಾಂಟಾ ಕ್ರೂಜ್‌ಗೆ, ಸಮುದ್ರದ ಪಕ್ಕದ ಹೈವೇ 1ರಲ್ಲಿ ಟಾಪ್ ತೆಗೆದು ಹೋದೆ. ಹಾಡು ಫುಲ್ ವಾಲ್ಯೂಮ್. ರಾತ್ರಿ ಅಮ್ಮನಿಗೆ ಫೋನ್ ಮಾಡಿದ್ರೆ, "ಯಾಕೋ ಹಿಂಗೆ ಕಿರುಚ್ತಿದ್ದೀಯಾ?" ಅಂದ್ರು. ನಾನು ಮಾಮೂಲಿಯಾಗೇ ಮಾತಾಡ್ತಿದ್ದೀನಿ ಅಂದ್ಕೊಂಡಿದ್ದೆ. ಮಲಗಿದ ಮೇಲೆ ಕಿವಿಯೊಳಗೆ ಗುಂಯ್ ಅನ್ನೋ ಸದ್ದು. ಬೆಳಿಗ್ಗೆಗೆ ಹೋಯ್ತು, ಆದ್ರೆ ಭಯ ಉಳೀತು.

ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯ ನೋಡೋ ನಿಯೋಶ್ ಸಂಸ್ಥೆಯ ಲೆಕ್ಕ ಹೀಗಿದೆ: 85 ಡೆಸಿಬೆಲ್ ಸದ್ದಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ 3 ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧ ಆಗುತ್ತೆ. 100 ಡೆಸಿಬೆಲ್ ಅಂದ್ರೆ ಬರೀ 15 ನಿಮಿಷ. ನಾನು ಕಾರಲ್ಲಿ ಕೂತಿದ್ದು ಎರಡು ಗಂಟೆಗೂ ಜಾಸ್ತಿ.

ತೆರೆದ ಕಾರಿನ ತೊಂದರೆ ಏನು ಗೊತ್ತಾ? ಗಾಳಿಯ ಸದ್ದು ಬಹುಪಾಲು ಕೆಳಗಿನ ಸ್ವರಗಳಲ್ಲೇ ಇರುತ್ತೆ. ಅದು ಮೊದಲು ನುಂಗೋದು ಬೇಸನ್ನ. ಬೇಸ್ ಕೇಳಿಸಲ್ಲ ಅಂತ ನಾವು ವಾಲ್ಯೂಮ್ ಏರಿಸ್ತೀವಿ, ಅದರ ಜೊತೆ ಚೂಪಾದ ಸ್ವರಗಳೂ ಏರಿ ಕಿವಿಗೆ ಚುಚ್ಚುತ್ತವೆ. ಹಾಗಾಗಿ ನನಗೆ ಬೇಕಾಗಿದ್ದು ಇನ್ನೂ ಜೋರಾಗಿ ಕಿರುಚೋ ಸ್ಪೀಕರ್ ಅಲ್ಲ. ವಾಲ್ಯೂಮ್ ಇಳಿಸಿದ್ರೂ ಹಾಡು ಕೇಳಿಸೋ ಡೋರು.

ಇದು ಮೊದಲೇ ಹೊಳೆದಿದ್ರೆ ದುಡ್ಡು ಉಳೀತಿತ್ತು. ಬೆಂಗಳೂರಿನ ಜೆ.ಸಿ. ರೋಡಲ್ಲಿ ಬಾಕ್ಸ್ ಮೇಲಿನ ವ್ಯಾಟ್ ನೋಡಿ ಬಾಯಿ ಬಿಡ್ತಾ ಬೆಳೆದವನು ನಾನು. ಇಲ್ಲೂ ದೊಡ್ಡ ನಂಬರ್ ಇದ್ದ ಜೋಡಿಯನ್ನೇ ತಂದೆ. ಡೋರಿಗೆ ಕೂರಿಸಿ ಕಿಟಕಿ ಇಳಿಸಿದೆ, ಟಕ್ ಅಂತು. ಗಾಜು ಹೋಗಿ ಮ್ಯಾಗ್ನೆಟ್‌ಗೆ ಬಡಿದಿತ್ತು. ಕೊಳ್ಳೋ ಮುಂಚೆ ಗಾಜನ್ನ ಪೂರ್ತಿ ಇಳಿಸಿ, ಸ್ಪೀಕರ್ ಹಿಂದೆ ಎಷ್ಟು ಜಾಗ ಇದೆ ಅಂತ ಸ್ಕೇಲ್ ಹಿಡಿದು ಅಳೀಬೇಕಿತ್ತು.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಡೋರ್ ಪ್ಯಾನೆಲ್ ಬಿಚ್ಚಿದ್ರೆ ಒಳಗೆ ಕಪ್ಪು ಅಂಟಲ್ಲಿ ಮೆತ್ತಿದ ಪ್ಲಾಸ್ಟಿಕ್ ಹಾಳೆ ಇರುತ್ತೆ. ಏನೋ ಕಸ ಅಂದ್ಕೊಂಡು ಕಿತ್ತು ಹಾಕ್ದೆ. ಮಳೆ ಬಂದಾಗ ಗಾಜಿನ ಮೇಲಿನ ನೀರು ಡೋರಿನೊಳಗೇ ಇಳಿದು, ತಳದ ತೂತುಗಳಿಂದ ಆಚೆ ಹೋಗುತ್ತೆ. ಆ ನೀರನ್ನ ಕಾರಿನೊಳಗೆ ಬರದ ಹಾಗೆ ತಡೆಯೋದೇ ಆ ಹಾಳೆ. ಮೊದಲ ಮಳೆಗೇ ಕಾಲಡಿಯ ಕಾರ್ಪೆಟ್ ತೊಯ್ದು ತೊಪ್ಪೆ, ವಾರಗಟ್ಟಲೆ ಮುಗ್ಗಲು ವಾಸನೆ.

ಆಮೇಲೆ ಸರಿಯಾಗಿ ಮಾಡ್ದೆ. ಸ್ಪೀಕರಿನ ಕೋನ್ ಮುಂದಕ್ಕೆ ಬಂದಾಗ ಅದರ ಬೆನ್ನ ಹಿಂದೆ ಉಲ್ಟಾ ಅಲೆ ಹುಟ್ಟುತ್ತೆ. ಡೋರಿನ ತಗಡಲ್ಲಿ ದೊಡ್ಡ ದೊಡ್ಡ ತೂತು ಇದ್ರೆ ಆ ಹಿಂದಿನ ಅಲೆ ಮುಂದಕ್ಕೆ ಬಂದು ಬೇಸನ್ನ ಅಳಿಸಿ ಹಾಕುತ್ತೆ. ಅದಕ್ಕೇ ಹೊರಗಿನ ತಗಡಿನ ಒಳಮೈಗೆ ಬ್ಯುಟೈಲ್ ಶೀಟ್ ಅಂಟಿಸ್ದೆ, ಒಳಗಿನ ತೂತುಗಳನ್ನ ಮುಚ್ಚಿದೆ, ಹೊಸ ಪ್ಲಾಸ್ಟಿಕ್ ಹಾಳೆ ಹಾಕ್ದೆ. ತಳದ ನೀರಿನ ತೂತು ಮಾತ್ರ ಮುಟ್ಟಲಿಲ್ಲ. ಸ್ಪೀಕರ್ ಅಂಚಿಗೆ ಫೋಮ್ ಉಂಗುರ. ಈ ಕೆಲಸಕ್ಕೇ ಎರಡು ಭಾನುವಾರ ಹೋಯ್ತು, ಕೈತುಂಬ ಗೀರು. ಆದ್ರೆ ಅತಿ ದೊಡ್ಡ ಬದಲಾವಣೆ ಬಂದಿದ್ದು ಇಲ್ಲಿಂದಲೇ. ನಿಮ್ಮ ಮನೆಯ ಮಾಮೂಲಿ ಹ್ಯಾಚ್‌ಬ್ಯಾಕ್ ಡೋರಿಗೂ ಇದೇ ಲೆಕ್ಕ.

ಸ್ಪೀಕರ್ ಆರಿಸುವಾಗ ವ್ಯಾಟ್ ಬಿಟ್ಟು ಸೆನ್ಸಿಟಿವಿಟಿ ನೋಡಿದೆ. 87 ಡೆಸಿಬೆಲ್‌ದಕ್ಕಿಂತ 90 ಡೆಸಿಬೆಲ್‌ದು ಅಷ್ಟೇ ಸದ್ದನ್ನ ಅರ್ಧ ಪವರ್‌ನಲ್ಲಿ ಕೊಡುತ್ತೆ. ಸ್ಟೀರಿಯೋ ಮೇಲೆ 50 ವ್ಯಾಟ್ ಅಂತ ಬರೆದಿದ್ರೂ ಒಂದೇ ಸಮ ಕೊಡೋದು 20ರ ಆಸುಪಾಸು. ಕೋನ್ ಪೇಪರ್ ಬೇಡ, ಪಾಲಿಪ್ರೊಪಿಲೀನ್ ಇರಲಿ, ನೀರಿಗೆ ಅಂಜಲ್ಲ. ಟ್ವೀಟರ್‌ಗಳನ್ನ ಮೊಣಕಾಲಿನ ಮಟ್ಟದಿಂದ ತೆಗೆದು ಕನ್ನಡಿಯ ಹತ್ರ, ಕಿವಿ ಕಡೆ ಮುಖ ಮಾಡಿ ಕೂರಿಸ್ದೆ.

ಹಾಂ, ಪ್ಲಸ್-ಮೈನಸ್ ಅದಲು ಬದಲಾಗಿದ್ರೆ ಒಂದು ಕಡೆ ತಳ್ಳುತ್ತೆ, ಇನ್ನೊಂದು ಕಡೆ ಎಳೆಯುತ್ತೆ, ಬೇಸ್ ಮಾಯ. ಸ್ಟೀರಿಯೋಗೆ ಜೋಡಿಸೋ ಮುಂಚೆ ರಿಮೋಟಿನ 1.5 ವೋಲ್ಟ್ ಸೆಲ್‌ನ ಪ್ಲಸ್ಸಿಗೆ ಪ್ಲಸ್ ಒಂದು ಕ್ಷಣ ಮುಟ್ಟಿಸಿ. ಎರಡೂ ಕೋನ್ ಹೊರಗೆ ಬಂದ್ರೆ ಸರಿ.

ಕೊನೆಗೆ ಒಂದು ಬಕೆಟ್ ನೀರು ಗಾಜಿನ ಮೇಲೆ ಸುರಿದು ಕಾರ್ಪೆಟ್ ಕೆಳಗೆ ಕೈ ಹಾಕಿ ನೋಡಿದೆ. ಒಣಗಿತ್ತು. ಮುಂಚೆ 28ಕ್ಕೆ ಇಡ್ತಿದ್ದ ವಾಲ್ಯೂಮ್ ಈಗ 19ರಲ್ಲಿ ಇದೆ. ಹೈವೇಲಿ 110ರ ವೇಗ ದಾಟಿದ್ರೆ ಗಾಳಿಯ ಸದ್ದೇ ಕಿವಿಗೆ ಜಾಸ್ತಿ ಆಗುತ್ತೆ, ಅದಕ್ಕೆ ಯಾವ ಸ್ಪೀಕರೂ ಮದ್ದಲ್ಲ. ಅಲ್ಲಿ ಟಾಪ್ ಮುಚ್ಕೊಂಡೇ ಹೋಗ್ತೀನಿ. ಅಮ್ಮನಿಗೆ ಫೋನ್ ಮಾಡೋದು ಈಗಲೂ ಶನಿವಾರ ರಾತ್ರಿನೇ. ಕಿರುಚ್ತಿದ್ದೀಯಾ ಅಂತ ಆಮೇಲೆ ಕೇಳಿಲ್ಲ.