ಹಿಂದಿದ್ದವರಿಗೆ ಮೊದಲ ಏಟು

(ವಿಡಿಯೊ ಗೇಮ್ ವಿನ್ಯಾಸ ಕುರಿತ ವಿಚಾರ ಸಂಕಿರಣದ ಆಶಯ ಭಾಷಣ)



ಪೋಕೆಮಾನ್ ಆಟದಲ್ಲಿ ಕ್ಯಾಲಿರೆಕ್ಸ್ ಎಂಬ ರಾಜನೊಬ್ಬನಿದ್ದಾನೆ. ತಲೆ ದೊಡ್ಡದು, ಮೈ ಪುಟ್ಟದು. 2020ರ ಅಕ್ಟೋಬರಿನಲ್ಲಿ ‘ಸ್ವೋರ್ಡ್’ ಮತ್ತು ‘ಶೀಲ್ಡ್’ ಆಟಗಳಿಗೆ ಸೇರ್ಪಡೆಯಾಗಿ ಬಂದ ‘ಕ್ರೌನ್ ಟಂಡ್ರಾ’ದಲ್ಲಿ ಈ ರಾಜನಿಗೆ ಕುದುರೆ ಹುಡುಕಿಕೊಡುವ ಕೆಲಸ ಆಟಗಾರನದು. ಗಜ್ಜರಿ ಬೀಜವನ್ನು ಹಿಮದ ಇಳಿಜಾರಿನ ಹೊಲದಲ್ಲಿ ಬಿತ್ತಿದರೆ ಬಿಳಿ ಕುದುರೆ ಬರುತ್ತದೆ. ಹಳೆಯ ಸ್ಮಶಾನದ ಮಣ್ಣಲ್ಲಿ ಬಿತ್ತಿದರೆ ಕಪ್ಪು ಕುದುರೆ. ಎರಡರಲ್ಲಿ ಯಾವುದನ್ನೇರಿದರೂ ರಾಜನ ಗುಣಾಂಕಗಳ ಮೊತ್ತ 680. ಆದರೆ ಕಪ್ಪು ಕುದುರೆಯ ಸವಾರನ ವೇಗ 150, ಬಿಳಿ ಕುದುರೆಯವನದು 50. ಆ ನೂರು ಎಲ್ಲಿ ಹೋಯಿತು? ದೈಹಿಕ ಹೊಡೆತ ತಡೆಯುವ ಶಕ್ತಿಗೆ 70, ವಿಶೇಷ ಹೊಡೆತ ತಡೆಯುವ ಶಕ್ತಿಗೆ 30 ಸೇರಿದೆ. ದಾಳಿಯ ಎರಡು ಅಂಕಗಳಾದ 165 ಮತ್ತು 85 ಬರೀ ಜಾಗ ಅದಲುಬದಲು ಮಾಡಿಕೊಂಡಿವೆ. ಪ್ರಾಣಬಲ ಇಬ್ಬರಿಗೂ 100.

ಇಂದಿನ ಚರ್ಚೆಗೆ ಈ ಜಮಾ-ಖರ್ಚಿನ ಹಾಳೆಯೇ ಮೂಲ ದಾಖಲೆ. ನಿಧಾನಗತಿಯ ಪೋಕೆಮಾನ್‌ಗಳನ್ನು ಕಟ್ಟಿಕೊಂಡು ಆಡುವ ತಂಡಗಳ ಮಾತು ಬಂದಾಗಲೆಲ್ಲ, ಪಾಪದವರ ಪರ ನಿಂತ ಹಾಗೆ, ಒಂದು ಕರುಣೆಯ ಧಾಟಿ ಇಣುಕುತ್ತದೆ. ಅದಕ್ಕೆ ಆಧಾರವೇನೂ ಇಲ್ಲ. ನಿಧಾನಿ ತನ್ನ ವೇಗವನ್ನು ಮೊದಲೇ ಒತ್ತೆ ಇಟ್ಟು ಬಲ ಪಡೆದಿದ್ದಾನೆ. ತಕರಾರು ಇರುವುದು ಒಂದೇ: ವೇಗ ಹೆಚ್ಚಿದ್ದವರದೇ ಮೊದಲ ಸರದಿಯಾದ್ದರಿಂದ, ಪಡೆದ ಬಲವನ್ನು ಬಳಸುವ ಮೊದಲೇ ಎದುರಾಳಿ ಎರಡು ಏಟು ಕೊಟ್ಟು ಮಲಗಿಸಿಬಿಡುತ್ತಾನೆ.

ಶುರುವಿನಲ್ಲಿ ಈ ಅನ್ಯಾಯ ಇನ್ನೂ ಜೋರಾಗಿತ್ತು. 1996ರ ಫೆಬ್ರವರಿ 27ರಂದು ಗೇಮ್ ಫ್ರೀಕ್ ಸಂಸ್ಥೆಯ ‘ರೆಡ್’ ಮತ್ತು ‘ಗ್ರೀನ್’ ಜಪಾನಿನಲ್ಲಿ ಗೇಮ್ ಬಾಯ್‌ಗೆ ಬಂದವು. ಆ ಆಟಗಳಲ್ಲಿ ಕ್ರಿಟಿಕಲ್ ಹಿಟ್, ಅಂದರೆ ಮಾಮೂಲಿಗಿಂತ ಜೋರಾದ ಏಟು, ಬೀಳುವ ಸಂಭವವನ್ನೂ ವೇಗದಿಂದಲೇ ತೆಗೆಯುತ್ತಿದ್ದರು. ಮೂಲ ವೇಗವನ್ನು 512ರಿಂದ ಭಾಗಿಸಿ ಬಂದದ್ದೇ ಸಂಭವ. ಟಾರೋಸ್ ಎಂಬ ಗೂಳಿಯ ವೇಗ 110. ಐದು ಹೊಡೆತಕ್ಕೆ ಒಂದಕ್ಕಿಂತ ಹೆಚ್ಚು ಕ್ರಿಟಿಕಲ್. ಸ್ನೋರ್ಲ್ಯಾಕ್ಸ್‌ನದು 30, ನೂರಕ್ಕೆ ಆರೂ ಸಿಗದು. 115ರ ವೇಗದ ಪರ್ಷಿಯನ್ ಬೆಕ್ಕು ‘ಸ್ಲ್ಯಾಶ್’ ಎಂಬ ಪಟ್ಟು ಹಾಕಿದರಂತೂ 256ರಲ್ಲಿ 255 ಸಲ ಕ್ರಿಟಿಕಲ್! ಮೊದಲು ಹೊಡೆಯುವವನೇ ಜೋರಾಗಿಯೂ ಹೊಡೆಯುತ್ತಿದ್ದ. 1999ರ ‘ಗೋಲ್ಡ್’ ಮತ್ತು ‘ಸಿಲ್ವರ್’ ಈ ನಂಟನ್ನು ಕತ್ತರಿಸಿದವು. ಆದರೂ ಸರದಿ ವೇಗಿಗಳದೇ ಉಳಿಯಿತು.

2006ರ ಸೆಪ್ಟೆಂಬರ್ 28ರಂದು ಜಪಾನಿನಲ್ಲಿ ‘ಡೈಮಂಡ್’ ಮತ್ತು ‘ಪರ್ಲ್’ ಬಿಡುಗಡೆಯಾದವು. ಅವುಗಳೊಳಗೆ ಟ್ರಿಕ್ ರೂಮ್ ಎಂಬ ಪಟ್ಟು ಇತ್ತು. ಹಾಕಿದೊಡನೆ ಕಣದಲ್ಲಿ ಸರದಿ ತಲೆಕೆಳಗು: ಯಾರ ವೇಗ ಕಡಿಮೆಯೋ ಅವರದು ಮೊದಲ ಏಟು. ತನ್ನ ಕಡೆಯವರ ವೇಗವನ್ನು ಇಮ್ಮಡಿ ಮಾಡುವ ‘ಟೇಲ್‌ವಿಂಡ್’ ಕೂಡ ಅದೇ ಆಟಗಳಲ್ಲಿ ಬಂತು. ವೇಗಿಗಳಿಗೊಂದು, ನಿಧಾನಿಗಳಿಗೊಂದು ಎಂದು ವಿನ್ಯಾಸಕಾರರು ಸಮಪಾಲು ಕೊಟ್ಟಂತೆ ಕಾಣುತ್ತದೆ. ಒಂದರ ಮೇಲೊಂದು ಬಿದ್ದರೆ ಮಾತ್ರ ತಮಾಷೆ. ಎದುರಾಳಿ ಟೇಲ್‌ವಿಂಡ್ ಎಬ್ಬಿಸಿದ ಮೇಲೆ ಟ್ರಿಕ್ ರೂಮ್ ಹಾಕಿದರೆ, ಅವನು ಇಮ್ಮಡಿ ಮಾಡಿಕೊಂಡ ವೇಗವೇ ಅವನನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ.

ಇಷ್ಟು ದೊಡ್ಡ ವರಕ್ಕೆ ಷರತ್ತೂ ಗಟ್ಟಿಯಾಗಿದೆ. ಈ ಆಟದಲ್ಲಿ ಪ್ರತಿ ಪಟ್ಟಿಗೂ ಒಂದು ಆದ್ಯತೆಯ ಅಂಕ ಇರುತ್ತದೆ. ಟ್ರಿಕ್ ರೂಮ್‌ನದು ಮೈನಸ್ ಏಳು. ಆ ಸುತ್ತಿನಲ್ಲಿ ಉಳಿದವರೆಲ್ಲ ಹೊಡೆದು ಮುಗಿಸಿದ ಮೇಲೆ, ಜೀವ ಉಳಿದಿದ್ದರೆ, ಅದು ಜಾರಿಗೆ ಬರುತ್ತದೆ. ಆಯಸ್ಸು ಐದು ಸುತ್ತು ಎಂದು ಬರೆದಿದೆ, ಆದರೆ ಹಾಕಿದ ಸುತ್ತೇ ಮೊದಲನೆಯದು. ಕೈಗೆ ಸಿಗುವುದು ನಾಲ್ಕು. ನಡುವೆ ಮತ್ತೊಮ್ಮೆ ಹಾಕಿದರೆ, ಯಾರೇ ಹಾಕಲಿ, ಸರದಿ ಮೊದಲಿನಂತಾಗುತ್ತದೆ. ಹೆಚ್ಚಿನ ಆದ್ಯತೆಯ ಪಟ್ಟುಗಳ ಮೇಲೆ ಇದರ ಮಾತು ನಡೆಯುವುದಿಲ್ಲ. ಅವು ಯಾವಾಗಲೂ ಮೊದಲೇ.

ಆಟವನ್ನು ಬಿಚ್ಚಿ ನೋಡಿದವರಿಗೆ ಇನ್ನೊಂದು ಸೋಜಿಗವೂ ಸಿಕ್ಕಿತು. ಟ್ರಿಕ್ ರೂಮ್ ಒಳಗೆ ಸರದಿ ತೀರ್ಮಾನಿಸಲು ಆಟ 10,000ದಿಂದ ವೇಗವನ್ನು ಕಳೆಯುತ್ತದೆ. ಬಂದ ಸಂಖ್ಯೆ 8,192ಕ್ಕೆ ತಲುಪಿದರೆ ಮತ್ತೆ ಸೊನ್ನೆಯಿಂದ ಎಣಿಸುತ್ತದೆ. ಹೀಗಾಗಿ ವೇಗ 1,809 ಮುಟ್ಟಿದವನು ತಲೆಕೆಳಗಾದ ಸರದಿಯಲ್ಲೂ ಮುಂದೆ ನುಗ್ಗುತ್ತಾನೆ. ಟೂರ್ನಿಯಲ್ಲಿ ಯಾರೂ ಅಷ್ಟು ದೂರ ಹೋಗುವುದಿಲ್ಲ, ಅದು ಬೇರೆ ಮಾತು.

ಅಧಿಕೃತ ಚಾಂಪಿಯನ್‌ಶಿಪ್‌ಗಳಲ್ಲಿ ಆಡುವುದು ಜೋಡಿ ಪಂದ್ಯ. ಆರು ಪೋಕೆಮಾನ್‌ಗಳ ತಂಡ ಎದುರಿಗಿಟ್ಟು, ತೊಂಬತ್ತು ಸೆಕೆಂಡಿನಲ್ಲಿ ನಾಲ್ಕನ್ನು ಆರಿಸಿ, ಎರಡೆರಡಾಗಿ ಕಣಕ್ಕಿಳಿಸಬೇಕು. ಎಲ್ಲರೂ 50ನೇ ಹಂತದಲ್ಲಿ ನಿಲ್ಲುತ್ತಾರೆ. ಟ್ರಿಕ್ ರೂಮ್ ತನ್ನ ಪೂರ್ತಿ ಬಣ್ಣ ತೋರಿಸುವುದು ಇಲ್ಲೇ. ಒಬ್ಬರ ಮೇಲೊಬ್ಬರು ಆಡುವ ಸಿಂಗಲ್ಸ್‌ನಲ್ಲಿ ಟ್ರಿಕ್ ರೂಮ್ ಹಾಕಿದವನನ್ನು ಹೊರಗೆ ಕರೆದು ಹೊಡೆಯುವವನನ್ನು ಒಳಗೆ ತರುವಷ್ಟರಲ್ಲೇ ಸುತ್ತುಗಳು ಕರಗುತ್ತವೆ. ಜೋಡಿ ಪಂದ್ಯದಲ್ಲಿ ಒಬ್ಬ ಹಾಕುತ್ತಾನೆ, ಪಕ್ಕದವನು ಕಾದು ನಿಂತಿರುತ್ತಾನೆ.

ಒಂದು ಜೋಡಿಯನ್ನು ಹತ್ತಿರದಿಂದ ನೋಡಬಹುದು. ಫರಿಜಿರಾಫ್, ಪಕ್ಕದಲ್ಲಿ ಬ್ಲಡ್‌ಮೂನ್ ಉರ್ಸಲೂನಾ. ಮೊದಲನೆಯದು 2022ರ ನವೆಂಬರಿನ ‘ಸ್ಕಾರ್ಲೆಟ್’ ಮತ್ತು ‘ವಯಲೆಟ್’ ಜೊತೆ ಬಂದ ಉದ್ದ ಕತ್ತಿನ ಪ್ರಾಣಿ, ವೇಗ 60. ಎರಡನೆಯದು 2023ರ ಸೆಪ್ಟೆಂಬರಿನಲ್ಲಿ ‘ಟೀಲ್ ಮಾಸ್ಕ್’ನಲ್ಲಿ ಬಂದ ಒಕ್ಕಣ್ಣಿನ ಕರಡಿ, ವೇಗ 52. ಟ್ರಿಕ್ ರೂಮ್ ಹಾಕುವವನಿಗೆ ಹಳೆಯ ಶತ್ರು ‘ಫೇಕ್ ಔಟ್’: ಕಣಕ್ಕಿಳಿದ ಮೊದಲ ಸುತ್ತಿನಲ್ಲೇ ಪ್ಲಸ್ ಮೂರರ ಆದ್ಯತೆಯಲ್ಲಿ ಕೆನ್ನೆಗೆ ಬಾರಿಸಿ, ಎದುರಿದ್ದವನ ಆ ಸುತ್ತನ್ನೇ ಕಸಿಯುವ ಪಟ್ಟು. ಫರಿಜಿರಾಫ್‌ನ ‘ಆರ್ಮರ್ ಟೇಲ್’ ಗುಣ ಎದುರಾಳಿಯ ಇಂಥ ಆದ್ಯತೆಯ ಏಟುಗಳನ್ನು ತನ್ನ ಮೇಲೂ ಜೊತೆಗಾರನ ಮೇಲೂ ಬೀಳಲು ಬಿಡುವುದಿಲ್ಲ. ಹಾಗಾಗಿ ಫೇಕ್ ಔಟ್ ಬಲ್ಲ ಇನ್ಸಿನರೋರ್ ಎದುರಿಗಿದ್ದರೂ ಅದರ ಕೈ ಕಟ್ಟಿದ ಹಾಗೆ. ಮೊದಲ ಸುತ್ತಿನ ಕೊನೆಗೆ ಟ್ರಿಕ್ ರೂಮ್ ಏಳುತ್ತದೆ. ಎರಡನೇ ಸುತ್ತಿನಲ್ಲಿ ಕರಡಿಯ ‘ಬ್ಲಡ್ ಮೂನ್’, 140ರ ಬಲದ ಏಟು. ಆದರೆ ಅದನ್ನು ಸತತ ಎರಡು ಸುತ್ತು ಹಾಕುವಂತಿಲ್ಲ. ಅಂದರೆ ಕೈಗೆ ಸಿಕ್ಕ ನಾಲ್ಕರಲ್ಲಿ ದೊಡ್ಡ ಏಟಿಗೆ ಜಾಗ ಎರಡೇ. ಆ ಎರಡರಲ್ಲಿ ಒಂದಕ್ಕೆ ಎದುರಾಳಿ ಆ ಸುತ್ತಿನ ಏಟು ತಡೆಯುವ ‘ಪ್ರೊಟೆಕ್ಟ್’ ಹಾಕಿ ಕೂತರೆ ಉಳಿಯುವುದು ಒಂದು! ನಿಧಾನಿಗಳ ತಂಡವನ್ನು ಒರಟು ಬಲದ ತಂಡ ಎನ್ನುವವರು ಈ ಎಣಿಕೆಯನ್ನು ಒಮ್ಮೆ ಕೂತು ಮಾಡಬೇಕು. ಗಡಿಯಾರ ನೋಡುತ್ತ ಆಡುವವರು ಯಾರಾದರೂ ಇದ್ದರೆ ಇವರೇ.

ಟೋರ್ಕೋಲ್‌ನ ಕಥೆ ಇನ್ನೊಂದು ಬಗೆ. ಬೆನ್ನಲ್ಲಿ ಕಲ್ಲಿದ್ದಲು ಉರಿಸಿಕೊಂಡ ಆಮೆ ಇದು, ಮೂಲ ವೇಗ 20. ಇದರ ಮುಖ್ಯ ಅಸ್ತ್ರ ‘ಇರಪ್ಶನ್’. ಪ್ರಾಣಬಲ ಪೂರ್ತಿ ಇದ್ದರೆ ಅದರ ಬಲ 150, ಅರ್ಧ ಇದ್ದರೆ 75. ಏಟು ತಿಂದ ಮೇಲೆ ಹೊಡೆಯುವವನಿಗೆ ಇದಕ್ಕಿಂತ ಕ್ರೂರವಾದ ನಿಯಮ ಇನ್ನೊಂದಿರಲಾರದು; ಟ್ರಿಕ್ ರೂಮ್ ಒಳಗಾದರೆ ಮೈಗೆ ಗೀರೂ ಬೀಳುವ ಮೊದಲೇ ಎದುರಿನ ಇಬ್ಬರ ಮೇಲೂ ಬೆಂಕಿ ಸುರಿಯುತ್ತದೆ. 2016ರ ‘ಸನ್’ ಮತ್ತು ‘ಮೂನ್’ ಆಟಗಳಲ್ಲಿ ಇದಕ್ಕೆ ‘ಡ್ರಾಟ್’ ಗುಣವೂ ಸಿಕ್ಕಿತು. ಕಣಕ್ಕಿಳಿದೊಡನೆ ಬಿಸಿಲು, ಬೆಂಕಿಯ ಏಟಿಗೆ ಒಂದೂವರೆ ಪಟ್ಟು ಬಲ. ಇಲ್ಲೊಂದು ಉಪಕಥೆಯಿದೆ. ಮಳೆ ತರುವ ಪೆಲಿಪರ್ ಮತ್ತು ಬಿಸಿಲು ತರುವ ಟೋರ್ಕೋಲ್ ಒಟ್ಟಿಗೇ ಕಣಕ್ಕಿಳಿದರೆ ವೇಗಿಯ ಗುಣ ಮೊದಲು ಜಾರಿಯಾಗುತ್ತದೆ, ನಿಧಾನಿಯದು ಆಮೇಲೆ ಬಂದು ಅದನ್ನು ಅಳಿಸುತ್ತದೆ. ಪೆಲಿಪರ್ ವೇಗ 65. ಆದ್ದರಿಂದ ಗೆಲ್ಲುವುದು ಬಿಸಿಲು, ಅದೂ ಟ್ರಿಕ್ ರೂಮ್‌ನ ಹಂಗಿಲ್ಲದೆ. ಆಮೆ-ಮೊಲದ ಕಥೆ ಇಲ್ಲಿ ನೆನಪಾಗುವುದು ಸಹಜವೇ. ಆದರೆ ಇಲ್ಲಿಯ ಮೊಲ ತಾನಾಗಿ ಮಲಗುವುದಿಲ್ಲ. ಅಮೂಂಗಸ್ ಎಂಬ ಅಣಬೆ, ಅದೂ 30ರ ವೇಗದ್ದು, ‘ಸ್ಪೋರ್’ ಎರಚಿ ಮಲಗಿಸಬೇಕು.

ಇಷ್ಟೆಲ್ಲ ಆದಮೇಲೆ ಅಂಕಿಗಳ ಇನ್ನೊಂದು ಮುಖ. ಪ್ರತಿ ಪೋಕೆಮಾನ್‌ಗೂ ಹುಟ್ಟಿನಿಂದ ಬರುವ ಒಂದು ಅಂಕವಿದೆ, ಆಟಗಾರರು ಐವಿ ಎನ್ನುತ್ತಾರೆ, ಸೊನ್ನೆಯಿಂದ 31ರವರೆಗೆ. ಎಲ್ಲರಿಗೂ ಬೇಕಾದದ್ದು 31. ಟ್ರಿಕ್ ರೂಮ್ ಆಟಗಾರನಿಗೆ ವೇಗದಲ್ಲಿ ಬೇಕಾದದ್ದು ಸೊನ್ನೆ. ಅದರ ಜೊತೆಗೆ ವೇಗವನ್ನು ಶೇಕಡಾ ಹತ್ತು ತಗ್ಗಿಸುವ ಸ್ವಭಾವ: ದೈಹಿಕ ದಾಳಿಯವನಿಗೆ ‘ಬ್ರೇವ್’, ವಿಶೇಷ ದಾಳಿಯವನಿಗೆ ‘ಕ್ವಾಯಟ್’. ಹೀಗೆ ಕಡೆದ ಟೋರ್ಕೋಲ್‌ನ ವೇಗ 50ನೇ ಹಂತದಲ್ಲಿ 22ಕ್ಕೆ ಇಳಿಯುತ್ತದೆ. ಎಲ್ಲರಿಗಿಂತ ವೇಗಿ ಎನಿಸಿದ ರೆಜಿಎಲೆಕಿಯನ್ನು ಅಷ್ಟೇ ಶ್ರದ್ಧೆಯಿಂದ ಮೇಲೆತ್ತಿದರೆ 277. ಮೊದಲು ಮೊಟ್ಟೆಯಿಂದ ಮೊಟ್ಟೆಗೆ ವಂಶ ಬೆಳೆಸಿ 31 ಹುಡುಕುತ್ತಿದ್ದ ಕಷ್ಟವನ್ನು ‘ಸನ್’ ಮತ್ತು ‘ಮೂನ್’ ತಗ್ಗಿಸಿದವು. ಬಾಟಲ್ ಕ್ಯಾಪ್ ಕೊಟ್ಟರೆ ಯಾವುದೇ ಅಂಕವನ್ನು 31ರ ಮಟ್ಟಕ್ಕೆ ಏರಿಸಿಕೊಡುವ ವ್ಯವಸ್ಥೆ ಬಂತು. ಆದರೆ ಸ್ಕಾರ್ಲೆಟ್-ವಯಲೆಟ್ ತನಕವೂ ಸೊನ್ನೆಗೆ ಇಳಿಸಿಕೊಡುವ ದಾರಿ ತೆರೆಯಲಿಲ್ಲ. ಆಟ ಇನ್ನೂ ಒಂದೇ ದಿಕ್ಕಿನಲ್ಲಿ ‘ಒಳ್ಳೆಯದು’ ಎಂದು ನಂಬಿರುವುದು ಇಲ್ಲಿ ಬಯಲಾಗುತ್ತದೆ.

ನಿಧಾನಕ್ಕೆ ನೇರವಾಗಿ ಸಂಬಳ ಕೊಡುವ ಪಟ್ಟು ಒಂದಿದೆ, ‘ಗೈರೋ ಬಾಲ್’. ಎದುರಾಳಿಯ ವೇಗವನ್ನು ತನ್ನ ವೇಗದಿಂದ ಭಾಗಿಸಿ 25ರಿಂದ ಗುಣಿಸಿದರೆ ಅದರ ಬಲ, ಮಿತಿ 150. 50ನೇ ಹಂತದಲ್ಲಿ ವೇಗವನ್ನು 34ಕ್ಕೆ ಇಳಿಸಿದ ಬ್ರಾಂಜಾಂಗ್ 205ರ ಫ್ಲಟರ್ ಮೇನ್‌ಗೆ ಹೊಡೆದರೆ ಆ ಮಿತಿಯನ್ನೇ ಮುಟ್ಟುತ್ತದೆ. ಎದುರಾಳಿ ಎಷ್ಟು ಚುರುಕೋ ಏಟು ಅಷ್ಟು ಭಾರ.

ಎದುರಾಳಿಗಳೇನು ಕೈಕಟ್ಟಿ ಕೂರುವುದಿಲ್ಲ. ‘ಟಾಂಟ್’ ಹಾಕಿ ಕೆಣಕಿದರೆ ದಾಳಿಯಲ್ಲದ ಪಟ್ಟುಗಳೆಲ್ಲ ಬಂದ್; ಟ್ರಿಕ್ ರೂಮ್ ಬಾಯಲ್ಲೇ ಉಳಿಯುತ್ತದೆ. ‘ಇಂಪ್ರಿಸನ್’ ಬಲ್ಲವನು ತಾನೂ ಟ್ರಿಕ್ ರೂಮ್ ಕಲಿತಿದ್ದರೆ ಎದುರಿನವನಿಗೆ ಅದು ಸಿಗದಂತೆ ಮಾಡಬಹುದು. ಅತ್ಯಂತ ಸರಳ ಉಪಾಯ, ಇಬ್ಬರೂ ಸೇರಿ ಹಾಕುವವನನ್ನೇ ಹೊಡೆದುರುಳಿಸುವುದು. ಅದಕ್ಕೇ ಈ ಕೆಲಸಕ್ಕೆ ಗಟ್ಟಿ ಚರ್ಮದವರನ್ನು ಹುಡುಕುತ್ತಾರೆ: ರಕ್ಷಣೆ ಹೆಚ್ಚಿಸುವ ‘ಇವಿಯೊಲೈಟ್’ ತೊಟ್ಟ ಡಸ್ಕ್ಲಾಪ್ಸ್, ಪೊರಿಗಾನ್2, ಇಲ್ಲವೇ ಕ್ರೆಸೆಲಿಯಾ. ಡಸ್ಕ್ಲಾಪ್ಸ್ ಭೂತ ಜಾತಿಯದಾದ್ದರಿಂದ ಫೇಕ್ ಔಟ್ ಅದರ ಮೈ ಮುಟ್ಟುವುದೇ ಇಲ್ಲ. ‘ಮ್ಯಾಜಿಕ್ ಬೌನ್ಸ್’ ಇರುವ ಹ್ಯಾಟರೀನ್‌ಗೆ ಟಾಂಟ್ ಹಾಕಿದರೆ ಹಾಕಿದವನಿಗೇ ವಾಪಸ್ ಬಡಿಯುತ್ತದೆ. ಹಾಕಿದ್ದನ್ನು ತಡೆಯಲಾಗದವರು ಪ್ರೊಟೆಕ್ಟ್ ಮತ್ತು ಅದಲುಬದಲಿನಲ್ಲಿ ನಾಲ್ಕು ಸುತ್ತು ಕಳೆಯಲು ನೋಡುತ್ತಾರೆ. ಪ್ರೊಟೆಕ್ಟನ್ನು ಸತತ ಎರಡನೇ ಸಲ ಹಾಕಿದರೆ ಫಲಿಸುವುದು ಮೂರರಲ್ಲಿ ಒಂದು ಸಲ. ಅದಕ್ಕೆ ಧೈರ್ಯವೂ ಬೇಕು, ಅದೃಷ್ಟವೂ ಬೇಕು.

ಆರಕ್ಕೆ ಆರೂ ನಿಧಾನಿಗಳನ್ನೇ ತುಂಬಿದ ತಂಡ ನೋಡಲು ಚಂದ. ದೊಡ್ಡ ವೇದಿಕೆಯಲ್ಲಿ ಮಾತ್ರ ಎರಡು ಮುಖದ ತಂಡಗಳ ದಾಖಲೆಯೇ ಹೆಚ್ಚು ಸ್ವಾರಸ್ಯಕರ. 2015ರಲ್ಲಿ ಎಲ್ಲರ ಬಾಯಲ್ಲಿದ್ದ ‘ಚಾಲ್ಕ್’ ಕೂಟವನ್ನೇ ನೋಡಿ: ಕ್ರೆಸೆಲಿಯಾ, ಹೀಟ್ರಾನ್, ಅಮೂಂಗಸ್, ಲ್ಯಾಂಡೋರಸ್, ಕಂಗಸ್ಕಾನ್. ಕಂಗಸ್ಕಾನ್ ಮತ್ತು ಲ್ಯಾಂಡೋರಸ್ ಮಾಮೂಲಿ ಸರದಿಯಲ್ಲೇ ಹೊಡೆಯಬಲ್ಲವು. ಕ್ರೆಸೆಲಿಯಾ ಟ್ರಿಕ್ ರೂಮ್ ಕಲಿತು ಬಂದಿದ್ದರೆ ಅಮೂಂಗಸ್‌ನ ನಿದ್ದೆಪುಡಿಗೆ ಮೊದಲ ಸರದಿ. 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಶ್ವ ಚಾಂಪಿಯನ್ ಆದ ವುಲ್ಫ್ ಗ್ಲಿಕ್ ತಂಡದಲ್ಲಿ 130ರ ಮೂಲ ವೇಗದ ಮೆಗಾ ಗೆಂಗಾರ್ ಕೂಡ ಇತ್ತು, 33ರ ಮೂಲ ವೇಗದ ಬ್ರಾಂಜಾಂಗ್ ಕೂಡ ಇತ್ತು. ಇಂಥ ಆರನ್ನು ಎದುರಿಗಿಟ್ಟಾಗ ಯಾವ ನಾಲ್ಕು ಕಣಕ್ಕಿಳಿಯಲಿವೆ, ಗಡಿಯಾರ ಯಾವ ಕಡೆ ತಿರುಗಲಿದೆ ಎಂದು ಎದುರಾಳಿ ಆ ತೊಂಬತ್ತು ಸೆಕೆಂಡಿನಲ್ಲಿ ತಲೆ ಕೆಡಿಸಿಕೊಳ್ಳಬೇಕು.

ಸ್ಕಾರ್ಲೆಟ್-ವಯಲೆಟ್ ಕಾಲದಲ್ಲಿ ಇದಕ್ಕೂ ಒಂದು ಪರೀಕ್ಷೆ ಬಂತು. ಚಾಂಪಿಯನ್‌ಶಿಪ್‌ಗಳಲ್ಲಿ ಈಗ ತಂಡದ ವಿವರ ಎದುರಾಳಿಗೂ ಕಾಣುವಂತೆ ತೆರೆದಿಡುತ್ತಾರೆ. ಯಾರಿಗೆ ಯಾವ ಪಟ್ಟು ಗೊತ್ತು ಎಂಬುದು ಗುಟ್ಟಲ್ಲ. ಟ್ರಿಕ್ ರೂಮ್‌ನ ಶಕ್ತಿ ಬರೀ ಅಚ್ಚರಿಯಲ್ಲಿದ್ದರೆ ಅದು ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಇದೇ ಕಾಲದಲ್ಲಿ ಐರನ್ ಹ್ಯಾಂಡ್ಸ್ ಎಂಬ ಯಂತ್ರಮಲ್ಲ ಬಹಳ ಜನಪ್ರಿಯವಾಯಿತು. ಪ್ರಾಣಬಲ 154, ದಾಳಿ 140, ವೇಗ 50, ಮೇಲೆ ಫೇಕ್ ಔಟ್ ಬೇರೆ. ಟ್ರಿಕ್ ರೂಮ್ ಇದ್ದರೆ ಹಬ್ಬ, ಇಲ್ಲದಿದ್ದರೂ ಹೊಟ್ಟೆಪಾಡಿಗೆ ತೊಂದರೆಯಿಲ್ಲ ಎನ್ನುವಂಥ ನಿಧಾನಿ. ಇಂಥವು ಹೆಚ್ಚಾದಷ್ಟೂ, ವೇಗ ಬಿಟ್ಟುಕೊಟ್ಟವನಿಗೆ ಎಷ್ಟು ಬಲ ಕೊಟ್ಟರೆ ನ್ಯಾಯ ಎಂಬ ಹಳೆಯ ಲೆಕ್ಕವನ್ನು ವಿನ್ಯಾಸಕಾರರು ಮತ್ತೆ ಬರೆಯಬೇಕಾಗುತ್ತದೆ.

ಸಂಕಿರಣದ ಮುಂದಿರುವ ಕೆಲಸವೂ ಅಲ್ಲಿಂದಲೇ ಶುರು. ವಿನ್ಯಾಸದ ಗೋಷ್ಠಿ ಕ್ಯಾಲಿರೆಕ್ಸ್‌ನ ಆ ನೂರು ಅಂಕಗಳನ್ನು ಎತ್ತಿಕೊಳ್ಳಲಿ: ವೇಗದ ಒಂದು ಅಂಕ ರಕ್ಷಣೆಯ ಒಂದು ಅಂಕಕ್ಕೆ ನಿಜಕ್ಕೂ ಸಮವೇ, ಟ್ರಿಕ್ ರೂಮ್ ಇರುವ ಆಟದಲ್ಲೂ ಇಲ್ಲದ ಆಟದಲ್ಲೂ ಅದೇ ದರವೇ? ಗಣಿತದವರು ನಾಲ್ಕು ಸುತ್ತು ಐದಾಗಿದ್ದರೆ, ಮೂರಾಗಿದ್ದರೆ ಏನಾಗುತ್ತಿತ್ತೆಂದು ಲೆಕ್ಕ ಕಟ್ಟಲಿ. ಮಧ್ಯಾಹ್ನ ಊಟದ ನಂತರ ಆಟಗಾರರು ತೆರೆಯ ಮೇಲೆ ಆಡಿ ತೋರಿಸುವಾಗ ಪ್ರಬಂಧಕಾರರು ಮುಂದಿನ ಸಾಲಿನಲ್ಲಿ ಕೂರಲಿ. ಫರಿಜಿರಾಫ್ ಇಳಿದ ಸುತ್ತಿನಲ್ಲಿ ಎದುರಾಳಿ ಯಾರನ್ನು ಹೊಡೆಯುತ್ತಾನೆ ಎಂಬುದನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ.