ಜೇಸನ್ ಬಂದ ದಾರಿ

ಕಂಪ್ಯೂಟರಿನ ಮೆಮೊರಿಯಲ್ಲಿ ಮಾಹಿತಿ ಸಾಲಾಗಿ ಕೂತಿರುವುದಿಲ್ಲ. ಹೆಸರು ಒಂದು ಕಡೆ, ಊರು ಇನ್ನೊಂದು ಕಡೆ; ಯಾವುದು ಎಲ್ಲಿದೆ ಎಂಬ ಗುರುತಷ್ಟೇ ಪ್ರೋಗ್ರಾಮಿನ ಕೈಯಲ್ಲಿರುತ್ತದೆ. ‘ಡಬ್ಬಿ ಅಟ್ಟದ ಮೇಲಿದೆ’ ಅಂದರೆ ಮನೆಯವರಿಗೆ ಗೊತ್ತಾಗುತ್ತದೆ, ಪರವೂರಿನವರಿಗೆ ಆ ಮಾತಿನಿಂದ ಏನು ಪ್ರಯೋಜನ? ಹಾಗಾಗಿ ಬೇರೆ ಯಂತ್ರಕ್ಕೆ ಕಳಿಸುವಾಗ ಎಲ್ಲವನ್ನೂ ಬಿಡಿಸಿ ಬರಹವಾಗಿಸಬೇಕು. ತಲುಪಿದ ಕಡೆ ಆ ಬರಹ ಓದಿ ಮತ್ತೆ ಕಟ್ಟಬೇಕು.

ಹೀಗೆ ಬರೆಯುವ ಒಂದು ರೀತಿಯಾಗಿ 1998ರ ಫೆಬ್ರವರಿಯಲ್ಲಿ ಎಕ್ಸ್‌ಎಂಎಲ್ 1.0 ಹೊರಬಂತು. ದೊಡ್ಡ ದಾಖಲೆಗಳಿಗೆ ಅದು ಇಂದಿಗೂ ಹೊಂದುತ್ತದೆ. ಆದರೆ ಪುಟ್ಟ ಮಾಹಿತಿಗೂ ತೆರೆಯುವ ಟ್ಯಾಗ್, ಮುಚ್ಚುವ ಟ್ಯಾಗ್ ಬರೆಯಬೇಕು.

2001ರ ಏಪ್ರಿಲ್. ಪ್ರೋಗ್ರಾಮರುಗಳಾದ ಡಗ್ಲಸ್ ಕ್ರಾಕ್‌ಫರ್ಡ್ ಮತ್ತು ಚಿಪ್ ಮಾರ್ನಿಂಗ್‌ಸ್ಟಾರ್, ಕ್ಯಾಲಿಫೋರ್ನಿಯಾದ ಒಂದು ಗ್ಯಾರೇಜಿನಲ್ಲಿ ಕೂತು, ಬ್ರೌಸರಿನ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ಮೊದಲೇ ಇದ್ದ ಬರವಣಿಗೆಯ ರೀತಿಯಲ್ಲೇ ಬ್ರೌಸರಿಗೆ ಒಂದು ಸಂದೇಶ ಕಳಿಸಿದರು. ಅದು ಕೆಟ್ಟಿತು! ಸಂದೇಶದ ಒಂದು ಹೆಸರು ‘ಡು’. ಅದು ಜಾವಾಸ್ಕ್ರಿಪ್ಟ್ ತನಗೆಂದೇ ಕಾದಿರಿಸಿಕೊಂಡ ಪದ. ಇಂಥ ಪದಗಳ ಪಟ್ಟಿ ಮಾಡುವ ಬದಲು, ಎಲ್ಲ ಹೆಸರುಗಳನ್ನೂ ಉದ್ಧರಣ ಚಿಹ್ನೆಯೊಳಗೇ ಇಡಬೇಕೆಂದು ಅವರು ಕಟ್ಟುನಿಟ್ಟು ಮಾಡಿದರು. ಈ ಬರವಣಿಗೆಯ ರೀತಿಯೇ ಜೇಸನ್. ಇವತ್ತು ಚಿಹ್ನೆ ಮರೆತು ಒದ್ದಾಡುವ ವಿದ್ಯಾರ್ಥಿಗಳಿಗೆ ನಾನು ಈ ಕಥೆ ಹೇಳುತ್ತೇನೆ; ಕಾರಣ ತಿಳಿದ ನಿಯಮ ಮರೆಯುವುದಿಲ್ಲ.

ತಾನು ಜೇಸನ್ ಅನ್ನು ಕಂಡುಕೊಂಡೆನೇ ಹೊರತು ಸೃಷ್ಟಿಸಲಿಲ್ಲ ಎನ್ನುತ್ತಾರೆ ಕ್ರಾಕ್‌ಫರ್ಡ್. ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. ಟಿಪ್ಪಣಿ ಬರೆಯುವ ಸೌಲಭ್ಯವನ್ನೂ ಅವರು ತೆಗೆದುಹಾಕಿದರು; ಜನ ಟಿಪ್ಪಣಿಯೊಳಗೆ ಯಂತ್ರಕ್ಕೆ ಆದೇಶ ಬರೆಯತೊಡಗಿದ್ದರು.

ಆರಂಭದಲ್ಲಿ ಬಂದ ಬರಹವನ್ನು ಓದಲು ಜಾವಾಸ್ಕ್ರಿಪ್ಟಿನ ‘ಇವ್ಯಾಲ್’ ಎಂಬ ಆಜ್ಞೆ ಬಳಸುವುದಿತ್ತು. ಅದು ಓದುವುದಷ್ಟೇ ಅಲ್ಲ, ಬಂದದ್ದನ್ನೆಲ್ಲ ಪ್ರೋಗ್ರಾಮೆಂದು ನಡೆಸಿಬಿಡುತ್ತದೆ. ಕಳ್ಳನಿಗೆ ಬೀಗದ ಕೈ ಕೊಟ್ಟಂತೆ. 2009ರ ಡಿಸೆಂಬರಿನಲ್ಲಿ ಬಂದ ಜಾವಾಸ್ಕ್ರಿಪ್ಟ್ ಮಾನಕದಲ್ಲಿ ‘ಪಾರ್ಸ್’, ‘ಸ್ಟ್ರಿಂಗಿಫೈ’ ಎಂಬ ಎರಡು ಆಜ್ಞೆಗಳು ಸೇರಿದವು. ಒಂದು ಕಟ್ಟುತ್ತದೆ, ಇನ್ನೊಂದು ಬಿಡಿಸುತ್ತದೆ. ಆದರೂ ಎಚ್ಚರ ಬೇಕು: 9007199254740993 ಎಂಬ ಸಂಖ್ಯೆ ಜಾವಾಸ್ಕ್ರಿಪ್ಟ್‌ನ ‘ಪಾರ್ಸ್’ ದಾಟಿದಾಗ ಕೊನೆಯ ಅಂಕಿ 2 ಆಗಿರುತ್ತದೆ. ಅದಕ್ಕೇ ಉದ್ದನೆಯ ಗುರುತಿನ ಸಂಖ್ಯೆಗಳನ್ನು ಬರಹದಂತೆ ಕಳಿಸುವುದು ಕ್ಷೇಮ.

ನಮ್ಮ ಲಿಪಿಯ ಮಾತಿಗೆ ಬರೋಣ. 2017ರ ಡಿಸೆಂಬರಿನ ಮಾನಕದ ಪ್ರಕಾರ ವ್ಯವಸ್ಥೆಗಳ ನಡುವೆ ಓಡಾಡುವ ಜೇಸನ್ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲೇ ಇರಬೇಕು. ‘ಕನ್ನಡ’ ಎಂಬ ಪದ ಅದರಲ್ಲಿ 15 ಬೈಟ್. ಪೈಥಾನ್ ಭಾಷೆ ಮಾತ್ರ ನಾವಾಗಿ ಹೇಳದಿದ್ದರೆ ಅದನ್ನು ಸಂಕೇತಗಳಾಗಿ ಒಡೆದು 30 ಬೈಟ್ ಮಾಡುತ್ತದೆ. ತೆರೆದು ನೋಡಿದರೆ ಕನ್ನಡವೇ ಕಾಣುವುದಿಲ್ಲ. ‘ಎನ್‌ಶೂರ್ ಆಸ್ಕಿ’ ಎಂಬ ಆಯ್ಕೆಯನ್ನು ‘ಫಾಲ್ಸ್’ ಮಾಡಿ. ಅಕ್ಷರಗಳು ಅಕ್ಷರಗಳಾಗಿಯೇ ಹೊರಡುತ್ತವೆ.