ದಾರಿ ಬಿಟ್ಟುಹೋದ ಹಟ್ಟಿ
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಉದಕಮಂಡಲವನ್ನು ನೋಡದವರು ಈ ಸಭೆಯಲ್ಲಿ ಇರಬಹುದು. ಅದರ ಹೆಸರು ಕೇಳದವರು ಇರಲಾರರು. ದಿಂಹಟ್ಟಿಯ ಹೆಸರು ಕೇಳಿದವರೆಷ್ಟು ಮಂದಿ? ನೀಲಗಿರಿಯ ಮೇಲೆ ಆಂಗ್ಲರು ಮೊದಲು ಮನೆ ಕಟ್ಟಿದ್ದು ಉದಕಮಂಡಲದಲ್ಲಲ್ಲ. ಕೋಟಗಿರಿಯ ಮಗ್ಗುಲಲ್ಲಿರುವ ಈ ಬಡಗರ ಹಟ್ಟಿಯ ಬಳಿಯಲ್ಲಿ. ಬೆಟ್ಟಕ್ಕೆ ಅವರು ಕಡಿಸಿದ ಮೊದಲ ದಾರಿಯೂ ಇದನ್ನು ಹಾಯ್ದೇ ಹೋಗುತ್ತಿತ್ತು.

1818ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ನನ ಸಹಾಯಕರಾದ ವಿಷ್ ಮತ್ತು ಕಿಂಡರ್ಸ್‌ಲಿ ಎಂಬಿಬ್ಬರು ಬೆಟ್ಟವನ್ನೇರಿ ಬಂದು ಅಲ್ಲಿಯ ತಂಪನ್ನು ವರ್ಣಿಸಿದರು. ಮರುವರ್ಷ ಸಲಿವನ್ನನೇ ಹೋಗಿ ದಿಂಹಟ್ಟಿಯಲ್ಲಿ ಬಿಡಾರ ಹೂಡಿ ಬಂಗಲೆ ಕಟ್ಟಿಸಿದನು. ಇದನ್ನು ಪುಸ್ತಕಗಳು ನೀಲಗಿರಿಯ ‘ಶೋಧ’ವೆಂದು ಕರೆಯುತ್ತವೆ. ನಮಗೆ ಈ ಮಾತು ಒಪ್ಪಿಗೆಯಾಗದು. ಆ ಬೆಟ್ಟದ ಕಂದಾಯವು ಅದಕ್ಕೂ ಮೊದಲೇ ಬಯಲಿನ ದಣಾಯಕನ ಕೋಟೆಗೆ ಸಲ್ಲುತ್ತಿತ್ತು. ತೆರಿಗೆ ತೆರುತ್ತಿದ್ದ ಜನರನ್ನು ಕಂಡುಹಿಡಿಯುವುದೆಂತು? 1117ರ ಚಾಮರಾಜನಗರದ ಶಾಸನದಲ್ಲಿಯೇ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೋಡರನ್ನು ಬೆದರಿಸಿದ ಸುದ್ದಿಯುಂಟು. ಬಡಗರಾದರೋ ತಮ್ಮ ಹಿರಿಯರು ಬಡಗಣ ಮೈಸೂರು ಸೀಮೆಯಿಂದ ಬಂದವರೆಂದು ಹೇಳಿಕೊಳ್ಳುತ್ತಾರೆ. ಅವರ ಹೆಸರೇ ಅದಕ್ಕೆ ಸಾಕ್ಷಿ. ಅವರ ಊರುಗಳಿಗೆಲ್ಲ ‘ಹಟ್ಟಿ’ ಎಂದು ಹೆಸರು. ನಮ್ಮ ನುಡಿಗೆ ಅದೆಷ್ಟು ಹತ್ತಿರ!

ಇನ್ನು ದಾರಿಯ ಕಥೆ. ಭವಾನಿ ನದಿಯ ದಡದ ಶಿರುಮುಗೈಯಿಂದ ಕೋಟಗಿರಿಗೆ ದಾರಿ ಕಡಿಯುವ ಕೆಲಸವನ್ನು 1821ರಲ್ಲಿ ಲೆಫ್ಟಿನೆಂಟ್ ಮ್ಯಾಕ್‌ಫರ್ಸನ್ನನಿಗೆ ವಹಿಸಲಾಯಿತು. 1823ಕ್ಕೆ ಅದು ಮುಗಿಯಿತು. ರಸ್ತೆಯೆಂದರೆ ಈಗಿನ ರಸ್ತೆಯಲ್ಲ. ಕುದುರೆಯೋ ಹೇರೆತ್ತೋ ಏರಬಲ್ಲ ಕಡಿದಾದ ಜಾಡು. ರೋಗಿಗಳನ್ನು ಪಲ್ಲಕ್ಕಿಯಲ್ಲಿ ಹೊತ್ತು ತರುತ್ತಿದ್ದರು. ಸೆಕೆಯಿಂದ ಬಳಲಿದವರಿಗೆ ಮೇಲೆ ಮೊದಲು ಸಿಗುವ ತಂಪಿನ ತಂಗುದಾಣಗಳಲ್ಲಿ ದಿಂಹಟ್ಟಿಯೂ ಒಂದಾಗಿತ್ತು. ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಲೆಷನೋ ಎಂಬವನು ಈ ದಾರಿ ಆಗುವ ಮೊದಲೇ, 1819ರಲ್ಲಿ, ಕಾಯಿಲೆಯಿಂದ ಬಂದು ಬೆಟ್ಟದ ಮೇಲೆ ಚೇತರಿಸಿಕೊಂಡಿದ್ದನು.

ಆದರೆ ಸಲಿವನ್ನನ ಮನಸ್ಸು ಆಗಲೇ ಬೇರೆಡೆಗೆ ಹರಿದಿತ್ತು. ಅವನು ಉದಕಮಂಡಲದಲ್ಲಿ ಕಲ್ಲಿನ ಮನೆ ಕಟ್ಟಿಸಿದನು. ಬೆಟ್ಟದ ಜನ ಅದನ್ನು ‘ಕಲ್ಲು ಬಂಗಲೆ’ ಎಂದರು. ಗವರ್ನರ್ ಲಷಿಂಗ್ಟನ್ನನ ಕಾಲದಲ್ಲಿ, 1830ರಿಂದ 1832ರೊಳಗೆ, ಮದರಾಸು ಸೈನ್ಯದ ಪಯೋನಿಯರ್ ದಳದವರು ಲೆಫ್ಟಿನೆಂಟ್ ಲೆ ಹಾರ್ಡಿಯ ಕೈಕೆಳಗೆ ಕೂನೂರಿನ ಘಾಟಿಯನ್ನು ಕಡಿದರು. ಅಲ್ಲಿಗೆ ದಿಂಹಟ್ಟಿಯ ಕಥೆ ಮುಗಿದಂತೆಯೇ. ಪಯಣಿಗರು ಹೊಸ ಘಾಟಿಯತ್ತ ತಿರುಗಿದರು. 1899ರಲ್ಲಿ ಹಲ್ಲುಗಂಬಿಯ ರೈಲೂ ಮೇಟ್ಟುಪಾಳ್ಯದಿಂದ ಕೂನೂರಿಗೇ ಏರಿತು. ಯುದ್ಧವಿಲ್ಲ, ಬರವಿಲ್ಲ, ಪಿಡುಗಿಲ್ಲ. ದಾರಿ ಮಗ್ಗುಲು ಬದಲಿಸಿತು, ಅಷ್ಟೆ. ಕಂದಾಯ ಪಡೆಯುತ್ತಿದ್ದ ದಣಾಯಕನ ಕೋಟೆಯೂ ಈಗ ಭವಾನಿಸಾಗರದ ನೀರಿನಡಿಯಲ್ಲಿದೆ.

ನಾವು ಹಿರಿಯ ತರಗತಿಯ ಹುಡುಗರನ್ನು ಕರೆದುಕೊಂಡು ಆ ಕಡೆಗೆ ಹೋಗಿದ್ದೆವು. ಹತ್ತಿರದ ಕನ್ನೇರಿಮುಕ್ಕಿನಲ್ಲಿ ಸಲಿವನ್ನನ ಬಂಗಲೆಯನ್ನು ದುರಸ್ತಿ ಮಾಡಿ ವಸ್ತುಸಂಗ್ರಹಾಲಯವಾಗಿ ಇಟ್ಟಿದ್ದಾರೆ, ಮೆಚ್ಚತಕ್ಕ ಕೆಲಸ. ಹಳೆಯ ದಾರಿ ಎಲ್ಲಿ ಹಾದಿತ್ತೆಂದು ಹಟ್ಟಿಯ ಹಿರಿಯರೊಬ್ಬರನ್ನು ಕೇಳಿದೆವು. ನಾವು ಕನ್ನಡದಲ್ಲಿ ಕೇಳಿದೆವು, ಅವರು ಬಡಗ ನುಡಿಯಲ್ಲಿ ಉತ್ತರಿಸಿದರು. ನಡುವೆ ದುಭಾಷಿ ಬೇಕಾಗಲಿಲ್ಲ. ದೊರೆಯ ದಾರಿಯ ವಿಚಾರ ಅವರಿಗೆ ಅಷ್ಟಾಗಿ ತಿಳಿಯದು. ತಮ್ಮ ಅಜ್ಜ ದನ ಹೊಡೆದುಕೊಂಡು ಇಳಿಯುತ್ತಿದ್ದ ಜಾಡನ್ನು ಮಾತ್ರ ಚಹಾ ಗಿಡಗಳ ನಡುವೆ ಬೆರಳಿಟ್ಟು ತೋರಿಸಿದರು. ಹುಡುಗರು ಅದರಲ್ಲಿ ಸ್ವಲ್ಪ ದೂರ ಇಳಿದು ಹೋಗಿ, ಕತ್ತಲಾಗುವುದರೊಳಗೆ ಮರಳಿ ಬಂದರು.